ಬರ್ಮಾ ಮೇಲೆ ನಿರ್ಬಂಧ ಇದ್ರೂ ಯಶವಂತಪುರಕ್ಕೆ ಬರ್ಮಾ ಉದ್ದು ಬರ್ತಿರೋದು ಹೇಗೆ? ಅಂಗಡಿಯವರು ತಿಳ್ಕೋಬೇಕಾದ ಸಂಗತಿ

ಯಶವಂತಪುರ ಎಪಿಎಂಸಿ ಯಾರ್ಡ್‌ನಲ್ಲಿ ಬೇಳೆ-ಕಾಳು ವ್ಯಾಪಾರ ಮಾಡೋರಿಗೆ ‘ಬರ್ಮಾ ಉದ್ದು’ ಅನ್ನೋ ಮಾತು ಹೊಸದಲ್ಲ. ‘ಎಫ್‌ಎಕ್ಯೂ’, ‘ಎಸ್‌ಕ್ಯೂ’ ಅಂತ ಎರಡು ದರ್ಜೆಯಲ್ಲಿ ಅದರ ರೇಟು ದಿನಾ ಓಡಾಡುತ್ತೆ. ಆರ್‌.ಟಿ. ನಗರದ ದರ್ಶಿನಿಯಲ್ಲಿ ಬೇಯೋ ಇಡ್ಲಿಗೂ, ಯಲಹಂಕ ಸಂತೆಗೇಟಿನ ಕಿರಾಣಿ ಅಂಗಡಿಯಲ್ಲಿ ಕಾಲು ಕೆ.ಜಿ. ಲೆಕ್ಕದಲ್ಲಿ ತೂಗೋ ಉದ್ದಿನ ಬೇಳೆಗೂ ಆ ರೇಟಿನ ಬಿಸಿ ತಟ್ಟುತ್ತೆ.

ಇನ್ನೊಂದು ಕಡೆ ಟಿವಿಯಲ್ಲಿ, ಮೊಬೈಲ್‌ನಲ್ಲಿ ಬೇರೆಯೇ ಸುದ್ದಿ. ಮ್ಯಾನ್ಮಾರ್, ಅಂದ್ರೆ ಹಳೇ ಬರ್ಮಾದ ಮಿಲಿಟರಿ ಸರ್ಕಾರದ ಮೇಲೆ ಅಮೆರಿಕ, ಬ್ರಿಟನ್, ಯುರೋಪ್ ದೇಶಗಳು ಆರ್ಥಿಕ ನಿರ್ಬಂಧ ಹಾಕಿವೆ. ಅಲ್ಲಿನ ಜನರಲ್‌ಗಳಿಗೆ ವೀಸಾ ಕೊಡಲ್ಲ ಅಂತ ಹೇಳಿವೆ. ಬ್ಯಾಂಕ್ ಖಾತೆ ಮುಟ್ಟುಗೋಲು ಹಾಕಿವೆ.

ಹಾಗಾದ್ರೆ ಅದೇ ದೇಶದ ಉದ್ದು ನಮ್ಮ ಮಂಡಿಗೆ ಬರ್ತಿರೋದು ಹೇಗೆ? ಅದನ್ನ ಕೊಳ್ಳೋದು ತಪ್ಪಾ? ನಾಳೆ ನಿಂತು ಹೋಗುತ್ತಾ? ಉತ್ತರವನ್ನ ಮೊದಲೇ ಒಂದು ಸಾಲಲ್ಲಿ ಹೇಳಿಬಿಡೋಣ: ಈ ನಿರ್ಬಂಧಗಳು ಉದ್ದಿನ ಮೂಟೆಯನ್ನ ತಡೆಯಲ್ಲ, ಮೂಟೆಗೆ ಕೊಡೋ ಹಣದ ದಾರಿಯನ್ನ ತಡೆಯುತ್ತವೆ. ಅದು ಹೇಗೆ ಅನ್ನೋದನ್ನ ಮುಂದೆ ನೋಡೋಣ.

ಅಲ್ಲಿ ಆಗಿದ್ದೇನು?

2021ರ ಫೆಬ್ರವರಿ 1. ನಮ್ಮಲ್ಲಿ ಕೇಂದ್ರ ಬಜೆಟ್ ಮಂಡನೆಯಾದ ದಿನ. ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ಶುರುವಾಗೋಕೆ ಇನ್ನೆರಡು ದಿನ ಇತ್ತು. ಅದೇ ದಿನ ಬೆಳಗಿನ ಜಾವ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. 2020ರ ನವೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷ ಭಾರಿ ಬಹುಮತದಿಂದ ಗೆದ್ದಿತ್ತು. ಹೊಸ ಸಂಸತ್ತು ಸೇರಬೇಕಿದ್ದ ದಿನವೇ ಸೂ ಕಿ ಅವರನ್ನೂ ಗೆದ್ದವರನ್ನೂ ಬಂಧಿಸಲಾಯಿತು. ಸೇನಾ ಮುಖ್ಯಸ್ಥ ಮಿನ್ ಆಂಗ್ ಲೈಂಗ್ ಆಡಳಿತ ಹಿಡಿದರು. ಇದೇ ಸೂ ಕಿ 2012ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ನಮ್ಮ ಬೆಂಗಳೂರಿಗೂ ಬಂದು, ಇನ್ಫೋಸಿಸ್ ಕ್ಯಾಂಪಸ್ ನೋಡಿ ಹೋಗಿದ್ದರು.

ಜನ ಬೀದಿಗಿಳಿದರು. ಸೇನೆ ಗುಂಡು ಹಾರಿಸಿತು. ಆಮೇಲೆ ಅದು ಊರೂರಿನ ಸಶಸ್ತ್ರ ಹೋರಾಟ ಆಯಿತು. ಅಲ್ಲಿನ ರಾಜಕೀಯ ಕೈದಿಗಳ ನೆರವು ಸಂಘ ಇಟ್ಟಿರೋ ಲೆಕ್ಕದಲ್ಲಿ ಸೇನೆಯ ಕೈಲಿ ಸತ್ತವರ ಸಂಖ್ಯೆ 6 ಸಾವಿರ ದಾಟಿದೆ. ದೇಶದ ಒಳಗೇ ಮನೆ ಬಿಟ್ಟು ಓಡಿದವರು 35 ಲಕ್ಷಕ್ಕೂ ಹೆಚ್ಚು ಅಂತ ವಿಶ್ವಸಂಸ್ಥೆ ಹೇಳಿದೆ. 2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತ್ಯದ ಪಜಿಗ್ಯಿ ಅನ್ನೋ ಹಳ್ಳಿಯಲ್ಲಿ ಸೇರಿದ್ದ ಜನರ ಮೇಲೆ ವಿಮಾನದಿಂದ ಬಾಂಬ್ ಹಾಕಿದಾಗ 150ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. 2025ರ ಡಿಸೆಂಬರ್ 28ರಿಂದ ಸೇನೆ ಹಂತ ಹಂತವಾಗಿ ಚುನಾವಣೆ ನಡೆಸಿತು. ಆದ್ರೆ ಸೂ ಕಿ ಅವರ ಪಕ್ಷವನ್ನ ಅಷ್ಟರೊಳಗೆ ವಿಸರ್ಜನೆ ಮಾಡಲಾಗಿತ್ತು.

ನಿರ್ಬಂಧ ಅಂದ್ರೆ ಏನು?

ನಿರ್ಬಂಧ ಅಂದ ಕೂಡಲೇ ಇಡೀ ದೇಶಕ್ಕೆ ಬೀಗ ಹಾಕಿದ ಹಾಗೆ ಅಂತ ತುಂಬಾ ಜನ ಅಂದ್ಕೋತಾರೆ. ಮ್ಯಾನ್ಮಾರ್ ವಿಷಯದಲ್ಲಿ ಹಾಗಿಲ್ಲ. ಇಲ್ಲಿ ಇರೋದು ಮುಖ್ಯವಾಗಿ ಮೂರು ಬಗೆ.

ಒಂದು, ಹೆಸರಿನ ಪಟ್ಟಿ. ಇಂಥ ಜನರಲ್, ಇಂಥ ಕಂಪನಿ, ಇಂಥ ಬ್ಯಾಂಕ್ ಅಂತ ಹೆಸರು ಬರೆದು ಪಟ್ಟಿ ಮಾಡ್ತಾರೆ. ಪಟ್ಟಿಯಲ್ಲಿ ಇರೋರ ಹಣ, ಆಸ್ತಿ ಆ ದೇಶದಲ್ಲಿ ಇದ್ರೆ ಅದು ಅಲ್ಲೇ ಸ್ಥಗಿತ. ಆ ದೇಶದ ಜನ, ಬ್ಯಾಂಕು, ಕಂಪನಿ ಯಾರೂ ಅವರ ಜೊತೆ ವ್ಯವಹಾರ ಮಾಡೋ ಹಾಗಿಲ್ಲ.

ಎರಡು, ಪ್ರಯಾಣ ನಿರ್ಬಂಧ. ಪಟ್ಟಿಯಲ್ಲಿರೋ ಅಧಿಕಾರಿಗಳಿಗೆ, ಕೆಲವು ಸಲ ಅವರ ಮನೆಯವರಿಗೂ ವೀಸಾ ಇಲ್ಲ. ಲಂಡನ್‌ನಲ್ಲಿ ಮಗನ ಕಾಲೇಜು, ಪ್ಯಾರಿಸ್‌ನಲ್ಲಿ ಶಾಪಿಂಗ್, ಇವೆಲ್ಲ ಬಂದ್.

ಮೂರು, ಆಯುಧ ಮತ್ತು ಕೆಲವು ಸರಕುಗಳ ಮೇಲೆ ನಿಷೇಧ. ಬಂದೂಕು, ವಿಮಾನದ ಬಿಡಿಭಾಗ, ವಿಮಾನದ ಇಂಧನ, ಜನರ ಮೇಲೆ ಕಣ್ಣಿಡೋ ಉಪಕರಣ ಇಂಥವು.

ಉದ್ದು, ತೊಗರಿ, ಅಕ್ಕಿ, ಮೀನು ಇವುಗಳನ್ನ ಬೆಳೆದು ಮಾರೋ ಸಾಮಾನ್ಯ ಜನರನ್ನ ಗುರಿ ಮಾಡಿ ಯಾರೂ ನಿಷೇಧ ಹಾಕಿಲ್ಲ. 2003ರಲ್ಲಿ ಅಮೆರಿಕ ಬರ್ಮಾ ಸರಕಿನ ಆಮದನ್ನೇ ನಿಲ್ಲಿಸಿತ್ತು. ಆಗ ಬಟ್ಟೆ ಕಾರ್ಖಾನೆಗಳಲ್ಲಿ ಕೆಲಸ ಮಾಡ್ತಿದ್ದ ಬಡ ಹೆಣ್ಣುಮಕ್ಕಳ ಕೆಲಸ ಹೋಯಿತೇ ಹೊರತು ಜನರಲ್‌ಗಳ ಕುರ್ಚಿ ಅಲುಗಾಡಲಿಲ್ಲ ಅನ್ನೋ ಟೀಕೆ ಬಂತು. ಈ ಸಲ ಸೇನೆಯ ಜೇಬಿಗೆ ಮಾತ್ರ ಕೈ ಹಾಕೋ ಪ್ರಯತ್ನ ಮಾಡಿದ್ದಾರೆ.

ಯಾವಾಗ, ಯಾರ ಮೇಲೆ?

ಸೇನಾಕ್ರಾಂತಿ ಆದ ಹತ್ತೇ ದಿನದಲ್ಲಿ ಅಮೆರಿಕ ಮೊದಲ ಆದೇಶ ಹೊರಡಿಸಿತು. ತನ್ನಲ್ಲಿದ್ದ ಮ್ಯಾನ್ಮಾರ್ ಸರ್ಕಾರದ ಸುಮಾರು 100 ಕೋಟಿ ಡಾಲರ್ ಸೇನೆಯ ಕೈಗೆ ಸಿಗದ ಹಾಗೆ ತಡೆಯಿತು.

2021ರ ಮಾರ್ಚ್ 25ರಂದು ಅಮೆರಿಕ ಸೇನೆಯ ಎರಡು ದೊಡ್ಡ ಕಂಪನಿಗಳನ್ನ ಪಟ್ಟಿಗೆ ಸೇರಿಸಿತು: ಎಂಇಎಚ್‌ಎಲ್ ಮತ್ತು ಎಂಇಸಿ. ಬ್ರಿಟನ್, ಯುರೋಪ್ ಒಕ್ಕೂಟ ಕೂಡ ಏಪ್ರಿಲ್ ಮುಗಿಯೋದರೊಳಗೆ ಅದೇ ಹೆಜ್ಜೆ ಇಟ್ಟವು. ಬಿಯರ್, ಸಿಗರೇಟು, ಬ್ಯಾಂಕು, ಗಣಿ, ಬಂದರು ಎಲ್ಲದರಲ್ಲೂ ಇವೆರಡರ ಪಾಲಿದೆ. ಇವುಗಳ ಕೈಕೆಳಗೆ ಕನಿಷ್ಠ 120 ವ್ಯವಹಾರಗಳಿವೆ ಅಂತ ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 2019ರಲ್ಲೇ ಪಟ್ಟಿ ಕೊಟ್ಟಿತ್ತು.

ಏಪ್ರಿಲ್ 2021ರಲ್ಲಿ ರತ್ನ, ಮರ, ಮುತ್ತು ಮಾರೋ ಸರ್ಕಾರಿ ಸಂಸ್ಥೆಗಳ ಮೇಲೆ ಅಮೆರಿಕದ ನಿರ್ಬಂಧ ಬಂತು. 2022ರ ಫೆಬ್ರವರಿಯಲ್ಲಿ ತೈಲ-ಅನಿಲ ಸಂಸ್ಥೆಯ ಮೇಲೆ ಯುರೋಪ್ ಒಕ್ಕೂಟ ನಿರ್ಬಂಧ ಹಾಕಿತು.

ನಮ್ಮ ವ್ಯಾಪಾರಿಗಳಿಗೆ ಮುಖ್ಯವಾದ ದಿನ 2023ರ ಜೂನ್ 21. ಅವತ್ತು ಅಮೆರಿಕ ಎರಡು ಸರ್ಕಾರಿ ಬ್ಯಾಂಕುಗಳ ಮೇಲೆ ನಿರ್ಬಂಧ ಹಾಕಿತು. ಒಂದು ಮ್ಯಾನ್ಮಾ ಫಾರಿನ್ ಟ್ರೇಡ್ ಬ್ಯಾಂಕ್, ಇನ್ನೊಂದು ಮ್ಯಾನ್ಮಾ ಇನ್ವೆಸ್ಟ್‌ಮೆಂಟ್ ಅಂಡ್ ಕಮರ್ಷಿಯಲ್ ಬ್ಯಾಂಕ್. ಆ ದೇಶದ ಸರ್ಕಾರಿ ಸಂಸ್ಥೆಗಳು ವಿದೇಶಿ ಹಣ ಇಟ್ಟುಕೊಳ್ತಿದ್ದ, ಕಳಿಸ್ತಿದ್ದ ಬಾಗಿಲೇ ಇವು.

ಎಲ್ಲ ನಿರ್ಬಂಧ ಶಾಶ್ವತ ಅಂತಲೂ ಅಲ್ಲ. 2025ರ ಜುಲೈನಲ್ಲಿ ಅಮೆರಿಕ ಪಟ್ಟಿಯಿಂದ ಕೆಲವು ಕಂಪನಿ, ಕೆಲವು ವ್ಯಕ್ತಿಗಳ ಹೆಸರು ತೆಗೆದುಹಾಕಿತು. ಪಟ್ಟಿ ಬದಲಾಗ್ತಾ ಇರುತ್ತೆ ಅನ್ನೋದನ್ನ ನೆನಪಿಡಿ.

ಭಾರತ ಯಾಕೆ ಸೇರಿಲ್ಲ?

ಭಾರತ ಮ್ಯಾನ್ಮಾರ್ ಮೇಲೆ ತನ್ನದೇ ಆದ ಆರ್ಥಿಕ ನಿರ್ಬಂಧ ಹಾಕಿಲ್ಲ. ಬೇರೆ ದೇಶ ತಾನಾಗಿ ಹಾಕಿದ ನಿರ್ಬಂಧವನ್ನ ಜಾರಿ ಮಾಡೋ ಜವಾಬ್ದಾರಿ ತನ್ನದಲ್ಲ ಅನ್ನೋದು ನಮ್ಮ ಸರ್ಕಾರದ ಹಳೇ ನಿಲುವು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಹಾಕಿದ ನಿರ್ಬಂಧ ಆದ್ರೆ ಕಥೆ ಬೇರೆ. ಅದನ್ನ ಜಾರಿ ಮಾಡೋಕೆ ನಮ್ಮಲ್ಲಿ 1947ರ ಒಂದು ಕಾಯ್ದೆಯೇ ಇದೆ. ಉತ್ತರ ಕೊರಿಯಾ ವಿಷಯದಲ್ಲಿ ಹೀಗೇ ಆದೇಶ ಹೊರಟಿದೆ. ಮ್ಯಾನ್ಮಾರ್ ವಿಷಯದಲ್ಲಿ ಭದ್ರತಾ ಮಂಡಳಿ ಅಂಥ ನಿರ್ಬಂಧ ಹಾಕಿಲ್ಲ. 2022ರ ಡಿಸೆಂಬರ್‌ನಲ್ಲಿ ಹಿಂಸೆ ನಿಲ್ಲಿಸಿ ಅಂತ ಮಂಡಳಿ ಒಂದು ನಿರ್ಣಯ ಮಾಡಿತು. 12 ದೇಶ ಪರ. ಚೀನಾ, ರಷ್ಯಾ, ಭಾರತ ಮೂರೂ ಮತ ಹಾಕದೆ ದೂರ ಉಳಿದವು.

ಕಾರಣಗಳೂ ಇವೆ. ಅರುಣಾಚಲ, ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಸೇರಿ ಮ್ಯಾನ್ಮಾರ್ ಜೊತೆ ನಮಗೆ 1,643 ಕಿ.ಮೀ. ಗಡಿ ಇದೆ. ಈಶಾನ್ಯದ ಉಗ್ರರು ಆ ಕಡೆ ಅಡಗ್ತಾರೆ. ನಾವು ಕೈ ಬಿಟ್ರೆ ಚೀನಾ ಪೂರ್ತಿ ಹಿಡಿದುಕೊಳ್ಳುತ್ತೆ ಅನ್ನೋ ಭಯ ಇದೆ. ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ವಿದೇಶ್ ಮತ್ತು ಗೇಲ್‌ಗೆ ಅಲ್ಲಿನ ಶ್ವೆ ಅನಿಲ ಯೋಜನೆಯಲ್ಲಿ ಪಾಲಿದೆ. ಇದರ ಜೊತೆಗೆ ಬೇಳೆ.

ಈ ನಿಲುವು ಸರಿಯಲ್ಲ ಅನ್ನೋರೂ ನಮ್ಮ ದೇಶದಲ್ಲೇ ಇದ್ದಾರೆ. ಸೂ ಕಿ ಅವರಿಗೆ 1993ರ ಸಾಲಿನ ನೆಹರೂ ಪ್ರಶಸ್ತಿ ಕೊಟ್ಟ ದೇಶ ಇವತ್ತು ಅವರನ್ನ ಜೈಲಿಗೆ ಹಾಕಿದವರ ಜೊತೆ ಕೈ ಕುಲುಕಬಹುದಾ ಅನ್ನೋದು ಅವರ ಪ್ರಶ್ನೆ.

ಉದ್ದು ಎಲ್ಲಿಂದ ಬರುತ್ತೆ?

ಈಗ ನಮ್ಮ ಮಂಡಿ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲೂ ಬೀದರ್, ಕಲಬುರಗಿ ಕಡೆ ಉದ್ದು ಬೆಳೀತಾರೆ. ಆದ್ರೆ ದೇಶದ ಬೇಡಿಕೆಗೆ ಸಾಲಲ್ಲ. ಮುಂಗಾರಿನ ಬೆಳೆ ಕೊಯ್ಲಿನ ಹೊತ್ತಲ್ಲಿ ಮಳೆ ಸುರಿದರೆ ಕಾಳು ಕಪ್ಪಾಗಿ ಇಳುವರಿ ಕೈ ಕೊಡುತ್ತೆ. ಆಗ ಕೊರತೆ ತುಂಬೋದು ಮ್ಯಾನ್ಮಾರ್. ಅಲ್ಲಿ ಉದ್ದು ಚಳಿಗಾಲದ ಬೆಳೆ, ಹೊಸ ಕಾಳು ವರ್ಷದ ಆರಂಭದ ತಿಂಗಳುಗಳಲ್ಲಿ ಬರುತ್ತೆ. ಅಲ್ಲಿನ ಜನ ನಮ್ಮಷ್ಟು ಉದ್ದು ತಿನ್ನಲ್ಲ. ಹೆಚ್ಚು ಕಮ್ಮಿ ನಮಗೋಸ್ಕರವೇ ಬೆಳೀತಾರೆ ಅಂದ್ರೂ ತಪ್ಪಿಲ್ಲ. ದಕ್ಷಿಣಕ್ಕೆ ಬರೋ ಮಾಲು ಹೆಚ್ಚಾಗಿ ಚೆನ್ನೈ ಬಂದರಿನಲ್ಲಿ ಇಳಿಯುತ್ತೆ. ‘ಲೆಮನ್’ ಅಂತ ಮಂಡಿಯಲ್ಲಿ ಕರೆಯೋ ತೊಗರಿಯೂ ಅಲ್ಲಿಂದಲೇ ಬರೋದು.

2021ರ ಮೇನಲ್ಲಿ ಕೇಂದ್ರ ಸರ್ಕಾರ ಉದ್ದು, ತೊಗರಿ ಆಮದಿನ ಮೇಲಿದ್ದ ಮಿತಿ ತೆಗೆಯಿತು. ಜೂನ್‌ನಲ್ಲಿ ಮ್ಯಾನ್ಮಾರ್ ಜೊತೆ ಒಪ್ಪಂದವೂ ಆಯಿತು: ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ, 2021-22ರಿಂದ 2025-26ರವರೆಗೆ, ಖಾಸಗಿ ವ್ಯಾಪಾರದ ಮೂಲಕ. ಸೇನಾಕ್ರಾಂತಿ ಆಗಿ ಆಗ ನಾಲ್ಕು ತಿಂಗಳು ಕಳೆದಿತ್ತು. ಅದೇ ಜೂನ್‌ನಲ್ಲಿ, 18ರಂದು, ಮ್ಯಾನ್ಮಾರ್‌ಗೆ ಆಯುಧ ಹೋಗದ ಹಾಗೆ ನೋಡ್ಕೊಳ್ಳಿ ಅಂತ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿತ್ತು. 119 ದೇಶ ಪರ, ಬೆಲಾರಸ್ ಒಂದು ವಿರುದ್ಧ, ಭಾರತ ಸೇರಿ 36 ದೇಶ ತಟಸ್ಥ.

ಮಾಲಿಗೆ ಅಡ್ಡಿ ಇಲ್ಲ, ಹಣಕ್ಕೆ ಅಡ್ಡಿ

ಹಾಗಾದ್ರೆ ತೊಂದರೆ ಎಲ್ಲಿ? ಡಾಲರ್‌ನಲ್ಲಿ.

ಇಲ್ಲಿನ ಆಮದುದಾರರು ಯಾಂಗೂನ್ ವ್ಯಾಪಾರಿಗೆ ದುಡ್ಡು ಕೊಡೋದು ಡಾಲರ್ ಲೆಕ್ಕದಲ್ಲಿ. ಬಹಳಷ್ಟು ಸಲ ಸಿಂಗಪುರದ ಮೂಲಕ. ಇಲ್ಲಿಂದ ಸಿಂಗಪುರಕ್ಕೆ ಕಳಿಸಿದ್ರೂ, ಯಾಂಗೂನ್‌ಗೆ ಕಳಿಸಿದ್ರೂ, ಡಾಲರ್ ಆದ್ಮೇಲೆ ಅದು ಸಾಮಾನ್ಯವಾಗಿ ಅಮೆರಿಕದ ಯಾವುದೋ ಬ್ಯಾಂಕಿನ ಖಾತೆ ಹಾದೇ ಹೋಗಬೇಕು. ಅಲ್ಲಿ ಕಂಪ್ಯೂಟರ್ ಹೆಸರು ನೋಡುತ್ತೆ. ಕಳಿಸಿದವರು ಯಾರು, ಪಡೆಯೋರು ಯಾರು, ಬ್ಯಾಂಕ್ ಯಾವುದು, ಹಡಗು ಯಾವುದು. ಪಟ್ಟಿಯಲ್ಲಿರೋ ಹೆಸರು ಸಿಕ್ತು ಅಂದ್ರೆ ದುಡ್ಡು ಅಲ್ಲೇ ನಿಲ್ಲುತ್ತೆ. ಈ ಕೆಲಸ ಮಾಡೋರು ನಮ್ಮ ಬೆಂಗಳೂರಲ್ಲೇ ಬೇಕಾದಷ್ಟು ಜನ ಇದ್ದಾರೆ. ವಿದೇಶಿ ಬ್ಯಾಂಕುಗಳ ಆಫೀಸಲ್ಲಿ ಕೆಲಸಕ್ಕಿರೋ ನಿಮ್ಮ ಮನೆ ಮಕ್ಕಳನ್ನ ಕೇಳಿ, ‘ಸ್ಯಾಂಕ್ಷನ್ಸ್ ಸ್ಕ್ರೀನಿಂಗ್’ ಅಂದ್ರೆ ಇದೇ.

ಮಂಡಿ ಭಾಷೆಯಲ್ಲಿ ಹೇಳೋದಾದ್ರೆ, ದೊಡ್ಡ ಮಂಡಿಯವನೊಬ್ಬ ‘ಇಂಥವನ ಜೊತೆ ನನ್ನ ಲೆಕ್ಕ ಇಲ್ಲ’ ಅಂದುಬಿಟ್ರೆ ಏನಾಗುತ್ತೆ? ಆ ದೊಡ್ಡವನನ್ನ ನಂಬಿ ಬದುಕೋ ಸಣ್ಣ ಅಂಗಡಿಯವರೂ ಇಂಥವನಿಗೆ ಉದ್ರಿ ಕೊಡಲ್ಲ. ಕಾನೂನು ಇದೆ ಅಂತಲ್ಲ, ದೊಡ್ಡವನ ಸಹವಾಸ ಕಳ್ಕೊಳ್ಳೋ ಭಯಕ್ಕೆ. ಡಾಲರ್ ಲೋಕದಲ್ಲಿ ಅಮೆರಿಕ ಆ ದೊಡ್ಡ ಮಂಡಿ.

ಇದಕ್ಕೆ ಉದಾಹರಣೆ ಬಾಂಗ್ಲಾದೇಶ. ಮ್ಯಾನ್ಮಾರ್ ಮೇಲೆ ಬಾಂಗ್ಲಾ ನಿರ್ಬಂಧ ಹಾಕಿರಲಿಲ್ಲ. ಆದ್ರೂ 2023ರಲ್ಲಿ ಅಮೆರಿಕದ ಆದೇಶ ಬಂದ ಮೇಲೆ ಅಲ್ಲಿನ ಸರ್ಕಾರಿ ಸೋನಾಲಿ ಬ್ಯಾಂಕ್ ಮ್ಯಾನ್ಮಾರ್‌ನ ಆ ಎರಡೂ ಬ್ಯಾಂಕುಗಳ ಖಾತೆ ತಡೆಹಿಡಿಯಿತು.

ಭಾರತದ ಕಂಪನಿಯ ಉದಾಹರಣೆಯೂ ಇದೆ. ಅದಾನಿ ಪೋರ್ಟ್ಸ್ ಯಾಂಗೂನ್‌ನಲ್ಲಿ ಬಂದರು ಕಟ್ಟುತ್ತಿತ್ತು. ಜಾಗ ಗುತ್ತಿಗೆ ಪಡೆದಿದ್ದು ಸೇನೆಯ ಎಂಇಸಿ ಕಂಪನಿಯಿಂದ. ಭಾರತದ ಕಾನೂನು ಅದಕ್ಕೆ ಅಡ್ಡ ಬಂದಿರಲಿಲ್ಲ. ಆದ್ರೆ ಎಂಇಸಿ ಮೇಲೆ ನಿರ್ಬಂಧ ಬಿದ್ದ ಮೇಲೆ ವಿದೇಶಿ ಹೂಡಿಕೆದಾರರ ಒತ್ತಡ ಬಂತು. 2023ರ ಮೇನಲ್ಲಿ ಕಂಪನಿ ಆ ಬಂದರನ್ನ 3 ಕೋಟಿ ಡಾಲರ್‌ಗೆ ಮಾರಿ ಹೊರಬಂತು. ಹಾಕಿದ್ದ ಬಂಡವಾಳಕ್ಕೆ ಹೋಲಿಸಿದ್ರೆ ಅದು ತುಂಬಾ ಕಡಿಮೆ ಹಣ.

ರೂಪಾಯಿ ದಾರಿ

ಡಾಲರ್ ದಾರಿ ಕಷ್ಟ ಆದಾಗ ಎರಡೂ ದೇಶ ಇನ್ನೊಂದು ದಾರಿ ಹುಡುಕಿದವು. 2022ರ ಜುಲೈ 11ರಂದು ರಿಸರ್ವ್ ಬ್ಯಾಂಕ್ ವಿದೇಶಿ ವ್ಯಾಪಾರದ ಲೆಕ್ಕವನ್ನ ರೂಪಾಯಿಯಲ್ಲೇ ತೀರಿಸೋಕೆ ಅವಕಾಶ ಕೊಟ್ಟಿತ್ತು. ಇದಕ್ಕೆ ಬೇಕಾಗೋದು ‘ಸ್ಪೆಷಲ್ ರುಪೀ ವೋಸ್ಟ್ರೋ’ ಖಾತೆ. ಹೆಸರು ದೊಡ್ಡದು, ವಿಷಯ ಸರಳ. ವಿದೇಶಿ ಬ್ಯಾಂಕ್ ನಮ್ಮ ಬ್ಯಾಂಕಲ್ಲಿ ಒಂದು ರೂಪಾಯಿ ಖಾತೆ ತೆರೆಯುತ್ತೆ. ಇಲ್ಲಿನ ಆಮದುದಾರ ಉದ್ದಿನ ದುಡ್ಡನ್ನ ಆ ಖಾತೆಗೆ ರೂಪಾಯಿಯಲ್ಲಿ ಕಟ್ಟುತ್ತಾನೆ. ಅದೇ ಖಾತೆಯ ದುಡ್ಡಲ್ಲಿ ಮ್ಯಾನ್ಮಾರ್‌ನವರು ನಮ್ಮಿಂದ ಔಷಧಿ, ನೂಲು ಮುಂತಾದ್ದನ್ನ ಕೊಳ್ಳಬಹುದು. ಡಾಲರ್ ನಡುವೆ ಬರೋದೇ ಇಲ್ಲ.

ಮ್ಯಾನ್ಮಾರ್ ಜೊತೆ ಈ ವ್ಯವಸ್ಥೆ ಪಂಜಾಬ್ ನ್ಯಾಷನಲ್ ಬ್ಯಾಂಕ್ ಮೂಲಕ 2024ರ ಜನವರಿಯಲ್ಲಿ ಶುರುವಾಯಿತು. ಬೇಳೆ ವ್ಯಾಪಾರಿಗಳು ಇದನ್ನ ಬಳಸಿ ಅಂತ ಯಾಂಗೂನ್‌ನಲ್ಲಿರೋ ನಮ್ಮ ರಾಯಭಾರ ಕಚೇರಿಯೇ ಹೇಳಿತು.

ಅಲ್ಲಿನ ರೈತನಿಗೆ ಮಾತ್ರ ಹೊಡೆತ ತಪ್ಪಿಲ್ಲ. ರಫ್ತಿನಿಂದ ಬಂದ ಡಾಲರ್‌ನ ಒಂದು ಪಾಲನ್ನ ಸರ್ಕಾರಿ ದರದಲ್ಲೇ ಬದಲಾಯಿಸಬೇಕು ಅಂತ 2022ರಿಂದ ಸೇನಾಡಳಿತ ನಿಯಮ ಮಾಡಿದೆ. 2022ರ ಆಗಸ್ಟ್‌ನಲ್ಲಿ ನಿಗದಿ ಮಾಡಿದ ದರ ಡಾಲರ್‌ಗೆ 2,100 ಕ್ಯಾಟ್. ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಸಿಗುತ್ತಿತ್ತು. ಆ ವ್ಯತ್ಯಾಸದ ಹಣ ರೈತನ ಕೈ ಸೇರಲ್ಲ. ಉದ್ದಿನ ಮೇಲೆ ನಿರ್ಬಂಧ ಇಲ್ಲ ಅಂದ ಮಾತ್ರಕ್ಕೆ ಉದ್ದಿನ ಹಣದಲ್ಲಿ ಸೇನೆಗೆ ಪಾಲಿಲ್ಲ ಅಂತಲ್ಲ.

ಜಾಲಹಳ್ಳಿಯ ಹೆಸರೂ ವರದಿಯಲ್ಲಿ

ಉದ್ದು ಒಂದೇ ಆಗಿದ್ರೆ ನಮ್ಮ ಭಾಗಕ್ಕೆ ಈ ವಿಷಯ ಇಷ್ಟು ಹತ್ತಿರ ಆಗ್ತಿರಲಿಲ್ಲ. ಮ್ಯಾನ್ಮಾರ್ ಬಗ್ಗೆ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇನಲ್ಲಿ ಒಂದು ವರದಿ ಕೊಟ್ಟರು. ಸೇನಾಕ್ರಾಂತಿ ಆದ ಮೇಲೆ ಅಲ್ಲಿನ ಸೇನೆ ಕನಿಷ್ಠ 100 ಕೋಟಿ ಡಾಲರ್‌ನ ಆಯುಧ, ಬಿಡಿಭಾಗ, ಕಚ್ಚಾವಸ್ತು ತರಿಸಿಕೊಂಡಿದೆ ಅನ್ನೋದು ವರದಿಯ ಸಾರ. ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಿಂದ 25.4 ಕೋಟಿ, ಭಾರತದಿಂದ 5.1 ಕೋಟಿ, ಥಾಯ್ಲೆಂಡ್‌ನಿಂದ 2.8 ಕೋಟಿ ಡಾಲರ್.

ಭಾರತದ ಲೆಕ್ಕದಲ್ಲಿ ಬಂದ ಹೆಸರುಗಳಲ್ಲಿ ಒಂದು ಭಾರತ್ ಎಲೆಕ್ಟ್ರಾನಿಕ್ಸ್, ನಮ್ಮ ಬಿಇಎಲ್. 1954ರಿಂದ ಜಾಲಹಳ್ಳಿಯಲ್ಲಿ ಇರೋ ಕಾರ್ಖಾನೆ. ಬಿಇಎಲ್ ಸರ್ಕಲ್, ಬಿಇಎಲ್ ರಸ್ತೆ, ಬಿಇಎಲ್ ಲೇಔಟ್ ಅಂತ ನಮ್ಮ ಅಡ್ರೆಸ್‌ಗಳಲ್ಲೇ ಸೇರಿಹೋಗಿರೋ ಹೆಸರು. ಈ ಭಾಗದ ಎಷ್ಟೋ ಮನೆಗಳಲ್ಲಿ ಅಪ್ಪ, ತಾತ ಅಲ್ಲಿ ದುಡಿದು ರಿಟೈರ್ ಆದವರು.

ಸಂಸ್ಥೆ ನಮ್ಮ ದೇಶದ ಕಾನೂನು ಮುರಿದಿದೆ ಅಂತ ಇದರ ಅರ್ಥ ಅಲ್ಲ. ಹಿಂದಿನ ಚುನಾಯಿತ ಸರ್ಕಾರದ ಕಾಲದಲ್ಲಿ ಒಪ್ಪಿಕೊಂಡಿದ್ದ ಪೂರೈಕೆ ಇದು, ಜೊತೆಗೆ ನಮ್ಮ ಗಡಿ ಭದ್ರತೆಯ ಪ್ರಶ್ನೆಯೂ ಇದೆ ಅನ್ನೋ ಧಾಟಿಯಲ್ಲಿ ಭಾರತ ಉತ್ತರ ಕೊಟ್ಟಿದೆ. ಆದ್ರೂ ಹಣದ ದಾರಿಯಲ್ಲಿ ಪರಿಣಾಮ ಆಯಿತು. ನಾರ್ವೆ ದೇಶದ ಸರ್ಕಾರಿ ಪಿಂಚಣಿ ನಿಧಿ ಮ್ಯಾನ್ಮಾರ್‌ಗೆ ಆಯುಧ ಮಾರಿದ ಕಾರಣಕ್ಕೆ ಬಿಇಎಲ್ ಅನ್ನು ತನ್ನ ಹೂಡಿಕೆಯಿಂದ ಹೊರಗಿಟ್ಟಿತು. ಬಿಇಎಲ್ ಷೇರು ಇಟ್ಟುಕೊಂಡಿರೋರು ಈ ಭಾಗದಲ್ಲೂ ಇದ್ದಾರೆ. ಕಂಪನಿಯ ಆದಾಯದ ಬಹುಪಾಲು ನಮ್ಮ ಸೇನೆಯ ಆರ್ಡರ್‌ಗಳಿಂದಲೇ ಬರೋದು, ಹಾಗಾಗಿ ಗಾಬರಿ ಬೇಕಿಲ್ಲ. ಆದ್ರೆ ನಮ್ಮ ಏರಿಯಾದಲ್ಲಿ ತಯಾರಾದ ವಸ್ತು ಎಲ್ಲಿಗೆ ಹೋಗ್ತಿದೆ ಅಂತ ಕೇಳೋ ಹಕ್ಕು ಇಲ್ಲಿನವರಿಗೂ ಇದೆ.

ಬರ್ಮಾ ಟೀಕ್ ಬಾಗಿಲು

ಮನೆ ಕಟ್ಟೋರು ಮುಂಬಾಗಿಲಿಗೆ ‘ಬರ್ಮಾ ಟೀಕ್’ ಕೇಳೋದು ಇವತ್ತಿಗೂ ಇದೆ. ಅಲ್ಲಿ ತೇಗದ ಮರ ಕಾನೂನು ಪ್ರಕಾರ ಸರ್ಕಾರದ ಸೊತ್ತು. ಮಾರಾಟ ಆಗೋದು ಮ್ಯಾನ್ಮಾ ಟಿಂಬರ್ ಎಂಟರ್‌ಪ್ರೈಸ್ ಅನ್ನೋ ಸರ್ಕಾರಿ ಸಂಸ್ಥೆ ಮೂಲಕ. 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತು ನಿಷೇಧ ಇದೆ, ಕೊಯ್ದ ಮರ ಮಾತ್ರ ಬರಬೇಕು. ಆ ಸಂಸ್ಥೆ 2021ರಿಂದ ಅಮೆರಿಕ, ಯುರೋಪ್ ಎರಡರ ಪಟ್ಟಿಯಲ್ಲೂ ಇದೆ.

ಉದ್ದಿಗೂ ತೇಗಕ್ಕೂ ವ್ಯತ್ಯಾಸ ಇಲ್ಲೇ ಇರೋದು. ಉದ್ದು ಬೆಳೆದವನು ರೈತ. ತೇಗ ಮಾರೋದು ಸರ್ಕಾರ, ಅಂದ್ರೆ ಸೇನೆ. ಭಾರತದಲ್ಲಿ ಬರ್ಮಾ ತೇಗ ಕೊಳ್ಳೋದು ಅಪರಾಧ ಅಲ್ಲ. ಆದ್ರೆ ಅದೇ ಮರದಲ್ಲಿ ಪೀಠೋಪಕರಣ ಮಾಡಿ ಅಮೆರಿಕಕ್ಕೋ ಯುರೋಪಿಗೋ ಕಳಿಸೋರು ಮರದ ಮೂಲದ ಕಾಗದಪತ್ರ ಕೇಳದೆ ಕೈ ಹಾಕಬಾರದು. ಇನ್ನು ‘ಬರ್ಮಾ’ ಅಂತ ಹೇಳಿ ಬೇರೆ ದೇಶದ ಮರ ಕೊಡೋದೂ ಉಂಟು. ದುಡ್ಡು ಕೊಡೋ ಮುಂಚೆ ಬಿಲ್ಲಲ್ಲಿ ಮೂಲ ದೇಶ ಬರೆಸಿಕೊಳ್ಳಿ.

ಪ್ರಯಾಣ: ಜನರಲ್‌ಗಳಿಗೆ ತಡೆ, ನಮ್ಮ ಹುಡುಗರಿಗೆ ಎಚ್ಚರಿಕೆ

ಪ್ರಯಾಣ ನಿರ್ಬಂಧ ಸಾಮಾನ್ಯ ಜನರ ಮೇಲೆ ಅಲ್ಲ ಅಂತ ಆಗಲೇ ಹೇಳಿದ್ವಿ. ಮಿನ್ ಆಂಗ್ ಲೈಂಗ್ ಮೇಲೆ ಅಮೆರಿಕ, ಬ್ರಿಟನ್, ಯುರೋಪ್ ಒಕ್ಕೂಟದ ತಡೆ ಇದೆ. ಆದ್ರೂ ಅವರು ಮಾಸ್ಕೋಗೆ, ಬೀಜಿಂಗ್‌ಗೆ ಹೋಗಿಬಂದಿದ್ದಾರೆ. 2025ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಮ್ಮ ಪ್ರಧಾನಿಯನ್ನೂ ಭೇಟಿ ಮಾಡಿದರು. ಪ್ರಯಾಣ ನಿರ್ಬಂಧ ಅಂದ್ರೆ ಎಲ್ಲ ಬಾಗಿಲೂ ಮುಚ್ಚಿದ ಹಾಗಲ್ಲ, ಕೆಲವು ಮನೆಗಳ ಬಾಗಿಲು ಮಾತ್ರ.

ನಮ್ಮವರ ಪ್ರಯಾಣದ ಅಪಾಯ ಬೇರೆ ಥರದ್ದು. ರಖೈನ್ ಪ್ರಾಂತ್ಯಕ್ಕೆ ಹೋಗಬೇಡಿ, ಅಲ್ಲಿದ್ದವರು ಹೊರಟುಬನ್ನಿ ಅಂತ ವಿದೇಶಾಂಗ ಸಚಿವಾಲಯ 2024ರ ಫೆಬ್ರವರಿಯಲ್ಲಿ ಹೇಳಿತು. ಅದಕ್ಕಿಂತ ದೊಡ್ಡ ಬಲೆ ಥಾಯ್ಲೆಂಡ್ ಗಡಿಯ ಮ್ಯಾವಾಡಿಯಲ್ಲಿದೆ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಒಳ್ಳೇ ಸಂಬಳ ಅಂತ ಕರೆಸ್ಕೋತಾರೆ. ಇಳಿದ ಮೇಲೆ ನದಿ ದಾಟಿಸಿ ಮ್ಯಾನ್ಮಾರ್‌ಗೆ ಸಾಗಿಸ್ತಾರೆ. ಪಾಸ್‌ಪೋರ್ಟ್ ಕಿತ್ಕೊಂಡು ಆನ್‌ಲೈನ್ ವಂಚನೆ ಮಾಡೋಕೆ ಕೂರಿಸ್ತಾರೆ. ನಮ್ಮ ಸರ್ಕಾರ 2022ರಿಂದಲೇ ಎಚ್ಚರಿಕೆ ಕೊಡ್ತಾ ಬಂದಿದೆ. 2025ರ ಮಾರ್ಚ್‌ನಲ್ಲಿ ಎರಡೇ ದಿನದಲ್ಲಿ 549 ಭಾರತೀಯರನ್ನ ವಾಯುಪಡೆ ವಿಮಾನದಲ್ಲಿ ವಾಪಸ್ ಕರೆತರಲಾಯಿತು.

ಈ ದಂಧೆಗೆ ಜಾಗ, ರಕ್ಷಣೆ ಕೊಟ್ಟ ಆರೋಪದ ಮೇಲೆ ಸೇನೆಯ ಜೊತೆ ನಂಟಿರೋ ಸಾ ಚಿಟ್ ತು ಅನ್ನೋ ಗಡಿ ಪಡೆ ನಾಯಕ, ಅವನ ಇಬ್ಬರು ಮಕ್ಕಳು ಮತ್ತು ಅವನ ಪಡೆಯ ಮೇಲೆ ಅಮೆರಿಕ 2025ರ ಮೇನಲ್ಲಿ ನಿರ್ಬಂಧ ಹಾಕಿತು. ಅದರಿಂದ ದಂಧೆ ನಿಲ್ಲುತ್ತೆ ಅಂತ ನಂಬಿ ಕೂರಬೇಡಿ. ಕೆಲಸದ ಆಫರ್ ಬಂದ್ರೆ ಏಜೆಂಟ್ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಾಯಿತನಾ ಅಂತ ನೋಡಿ. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕರೆದರೆ ಅಲ್ಲಿಗೇ ಮಾತು ನಿಲ್ಲಿಸಿ. ಆನ್‌ಲೈನ್‌ನಲ್ಲಿ ದುಡ್ಡು ಕಳ್ಕೊಂಡಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಇಷ್ಟೆಲ್ಲ ಮಾಡಿದ್ದರಿಂದ ಏನಾದ್ರೂ ಆಯ್ತಾ?

ಆಗಿದೆ, ಆದ್ರೆ ಅರ್ಧಂಬರ್ಧ. ಟಾಮ್ ಆಂಡ್ರ್ಯೂಸ್ 2024ರಲ್ಲಿ ಕೊಟ್ಟ ಇನ್ನೊಂದು ವರದಿ ಬ್ಯಾಂಕುಗಳ ಬಗ್ಗೆ. ಬ್ಯಾಂಕ್ ಮೂಲಕ ಸೇನೆ ತರಿಸಿಕೊಂಡ ಸಾಮಗ್ರಿ ಒಂದು ವರ್ಷದಲ್ಲಿ 37.7 ಕೋಟಿ ಡಾಲರ್‌ನಿಂದ 25.3 ಕೋಟಿಗೆ ಇಳಿಯಿತು, ಅಂದ್ರೆ ಮೂರರಲ್ಲಿ ಒಂದು ಪಾಲು ಕಡಿಮೆ. ಸಿಂಗಪುರ ಸರ್ಕಾರ ತನ್ನ ಕಂಪನಿಗಳನ್ನ ತನಿಖೆ ಮಾಡಿದ ಮೇಲೆ ಅಲ್ಲಿಂದ ಹೋಗೋ ಮಾಲು 11 ಕೋಟಿಯಿಂದ ಸುಮಾರು 1 ಕೋಟಿ ಡಾಲರ್‌ಗೆ ಕುಸಿಯಿತು. ಅದೇ ಹೊತ್ತಲ್ಲಿ ಥಾಯ್ಲೆಂಡ್‌ನಿಂದ ಹೋಗೋದು 6 ಕೋಟಿಯಿಂದ 12 ಕೋಟಿಗೆ ಏರಿತು. ಒಂದು ಗೇಟು ಹಾಕಿದ್ರೆ ಪಕ್ಕದ ಗೇಟಲ್ಲಿ ಲಾರಿ ನುಗ್ಗಿದ ಹಾಗೆ.

ಅಂದ್ರೆ ನಿರ್ಬಂಧ ಕೆಲಸ ಮಾಡುತ್ತೆ, ಅಕ್ಕಪಕ್ಕದವರೂ ಕೈ ಜೋಡಿಸಿದಾಗ ಮಾತ್ರ. ಆ ಅಕ್ಕಪಕ್ಕದವರಲ್ಲಿ ನಮ್ಮ ದೇಶವೂ ಒಂದು.

ಅಂಗಡಿಯವರು, ವ್ಯಾಪಾರಿಗಳು ಗಮನಿಸಬೇಕಾದ್ದು

ಬರ್ಮಾ ಉದ್ದು, ತೊಗರಿ ಕೊಳ್ಳೋದು, ಮಾರೋದು ಭಾರತದಲ್ಲಿ ಕಾನೂನುಬದ್ಧ. ಮಂಡಿಯಿಂದ ಮೂಟೆ ತರೋ ಚಿಲ್ಲರೆ ಅಂಗಡಿಯವರಿಗೆ ಯಾವ ತೊಂದರೆಯೂ ಇಲ್ಲ.

ನೇರವಾಗಿ ಆಮದು ಮಾಡೋರು ಮುಂಗಡ ಕಳಿಸೋ ಮುಂಚೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ವಿಚಾರಿಸಿ. ಮಾರುವವರ ಹೆಸರು, ಅವರ ಬ್ಯಾಂಕು ಪಟ್ಟಿಯಲ್ಲಿ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ. ಡಾಲರ್ ಒಮ್ಮೆ ತಡೆಯಲ್ಲಿ ಸಿಕ್ಕಿದ್ರೆ ಬಿಡಿಸೋಕೆ ತಿಂಗಳುಗಟ್ಟಲೆ ಬೇಕಾಗಬಹುದು. ರೂಪಾಯಿ ದಾರಿ ಇದೆಯಾ ಅಂತ ಕೇಳಿ.

‘ಅಮೆರಿಕ ನಿರ್ಬಂಧ ಹಾಕಿತು, ನಾಳೆಯಿಂದ ಉದ್ದು ಬರಲ್ಲ’ ಅಂತ ವಾಟ್ಸಾಪ್ ಮೆಸೇಜ್ ಬಂದ್ರೆ ಮೂಟೆ ಕಟ್ಟಿ ಇಡಬೇಡಿ. ರೇಟು ಏರಿಳಿಯೋದು ಹೆಚ್ಚಾಗಿ ಅಲ್ಲಿನ ಬೆಳೆ, ಇಲ್ಲಿನ ಮಳೆ, ಡಾಲರ್ ದರ ಮತ್ತು ಕೇಂದ್ರ ಸರ್ಕಾರದ ಆಮದು ಆದೇಶದ ಮೇಲೆ. ಆದೇಶದ ಕೊನೇ ದಿನಾಂಕ ಯಾವುದು ಅಂತ ನೋಡ್ಕೊಳ್ಳೋದು ಎಲ್ಲಕ್ಕಿಂತ ಮುಖ್ಯ.

ಕೊನೆಗೆ ಒಂದು ಮಾತು. ಉದ್ದು ಬೆಳೆದ ರೈತನಿಗೂ ಬಾಂಬ್ ಹಾಕಿದ ಜನರಲ್‌ಗೂ ವ್ಯತ್ಯಾಸ ಇದೆ. ಒಳ್ಳೇ ನಿರ್ಬಂಧ ಆ ವ್ಯತ್ಯಾಸ ನೋಡಿ ಹಾಕಿದ್ದು. ನಮ್ಮ ಇಡ್ಲಿಯ ಉದ್ದು ಬೆಳೆದವರ ಊರಿನ ಮೇಲೆ ವಿಮಾನ ಹಾರುತ್ತಿದೆ ಅನ್ನೋದು ನಮಗೆ ಗೊತ್ತಿರಲಿ. ಆ ವಿಮಾನಕ್ಕೆ ನಮ್ಮ ಕಡೆಯಿಂದ ಏನೂ ಹೋಗದಿರಲಿ ಅಂತ ಕೇಳೋದು ದೆಹಲಿಯವರ ಕೆಲಸ ಮಾತ್ರ ಅಲ್ಲ, ಜಾಲಹಳ್ಳಿ, ಯಶವಂತಪುರದವರದ್ದೂ ಹೌದು.